ಅಕ್ಷಿತಾ ಬಿಟ್ಟಿದ್ದ ನಗು

ಅರಕೆರೆಯ ದ್ಯಾವಮ್ಮ ಗಂಡನ ಹೆಸರಿನಲ್ಲಿ ಬೆಲ್ಲ ಬಿಟ್ಟಿದ್ದಳು.

ಅವರ ಮನೆತನದಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಹಿರಿಯರು ಯಾರಾದರೂ ತೀರಿಕೊಂಡರೆ, ಅವರ ಮೇಲೆ ಜೀವ ಇಟ್ಟುಕೊಂಡಿದ್ದವರು ದೀಪ ಮುಟ್ಟಿ, ತಮಗೆ ತೀರ ಇಷ್ಟವಾದದ್ದೊಂದನ್ನು ವರ್ಷದ ಎಡೆ ಇಡುವ ತನಕ ಬಿಟ್ಟುಬಿಡುವುದು. ದ್ಯಾವಮ್ಮನ ಅತ್ತೆ ಎಲೆಯಡಿಕೆ ಬಿಟ್ಟಿದ್ದಳಂತೆ. ಮಗ ಶಂಕರ ಈ ಸಲ ಬೀಡಿ ಬಿಟ್ಟಿದ್ದ. ಅದು ಎಷ್ಟರ ಮಟ್ಟಿಗೆ ನಿಜವೋ ಕರಿಘಟ್ಟದ ಸ್ವಾಮಿಯೇ ಬಲ್ಲ. ದ್ಯಾವಮ್ಮ ಬೆಲ್ಲ ಬಿಟ್ಟಳು. ಅವಳ ಗಂಡ ಚಲುವಯ್ಯ ಕಬ್ಬು ಅರೆಯುವ ಕಾಲ ಬಂತೆಂದರೆ ಆಲೆಮನೆಯಿಂದ ಬಾಳೆಲೆಯ ಚೂರಿನ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು, ಬೆರಳು ಸುಡುತ್ತಿದ್ದರೂ ಓಡೋಡಿ ಮನೆಗೆ ಬಂದು, “ಬೇಗ ಬಾಯಿ ತಗಿಯೆ, ಆರೋಯ್ತದೆ” ಎನ್ನುತ್ತಿದ್ದ. ಮೊಮ್ಮಗಳು ಬಂದ ಮೇಲೂ ಮೊದಲ ತುತ್ತು ಹೆಂಡತಿಗೇ. ಈ ಸಂಕ್ರಾಂತಿ ಕಳೆದ ವಾರದಲ್ಲಿ ಅವನು ಗದ್ದೆಯ ಬದುವಿನ ಮೇಲೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ. ಅಂದಿನಿಂದ ದ್ಯಾವಮ್ಮ ಬೆಲ್ಲವಿಲ್ಲದ ಕಾಫಿಯನ್ನು ಕಷಾಯದಂತೆ ಕುಡಿದು, ಲೋಟ ಕವುಚಿಟ್ಟು, ತುಳಸಿಗೆ ಕೈಮುಗಿಯುತ್ತಿದ್ದಳು.

ಜೂನ್ ತಿಂಗಳ ಅಮಾವಾಸ್ಯೆಯ ದಿನ ಚಲುವಯ್ಯನ ಪಟದ ಮುಂದೆ ಎಡೆ ಇಟ್ಟು ದೀಪ ಹಚ್ಚುವಾಗ, ಮೊಮ್ಮಗಳು ಅಕ್ಷಿತಾ ಬಂದು ಪಕ್ಕದಲ್ಲಿ ಕೂತಳು. ಆಗಷ್ಟೇ ಎಂಟನೇ ತರಗತಿಗೆಂದು, ಬಸ್ಸಿನಲ್ಲಿ ಹೋಗಿ ಬರಬೇಕಾದ ಪ್ರೌಢಶಾಲೆಗೆ ಸೇರಿದ್ದ ಹುಡುಗಿ.

“ಅಜ್ಜಿ, ನಾನೂವೆ ತಾತನ್ ಎಸ್ರಲ್ಲಿ ಒಂದು ಬುಡ್ತೀನಿ.”

“ಏನ್ ಬುಟ್ಟೀಯೆ ಕೂಸೆ? ಚಾಕ್ಲೇಟಾ?”

“ನಗೋದ್ನ.”

ದ್ಯಾವಮ್ಮ ಹಚ್ಚುತ್ತಿದ್ದ ಬತ್ತಿಯನ್ನು ಹಾಗೇ ಹಿಡಿದುಕೊಂಡು ಮೊಮ್ಮಗಳ ಮುಖ ನೋಡಿದಳು. ಅಕ್ಷಿತಾಳ ನಗು ಎಂದರೆ ಸಾಮಾನ್ಯವಾದದ್ದಲ್ಲ. ಮನೆಯಲ್ಲಿ ನಕ್ಕರೆ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದ ಶಂಕರನಿಗೆ ಕೇಳಿಸುತ್ತಿತ್ತು. ಅವಳೂ ಅವಳ ತಾತನೂ ಸೇರಿದರೆ ಮುಗಿಯಿತು. ಅವನು ಊರಿನ ಒಬ್ಬೊಬ್ಬರ ನಡಿಗೆ ನಡೆದು ತೋರಿಸುವುದು, ಇವಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುವುದು. ಅಂಥ ಹುಡುಗಿ ದೀಪ ಮುಟ್ಟಿ, ಕಣ್ಣು ಮುಚ್ಚಿ, ವರ್ಷದ ಎಡೆಯ ತನಕ ನಗುವುದಿಲ್ಲ ಎಂದಳು. ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವಯಸ್ಸಿಗೆ ಇಷ್ಟು ಭಕ್ತಿಯೇ!

ಮರುದಿನದಿಂದ ಅವಳು ಅದನ್ನು ಡೈರಿಯ ಹತ್ತಿರ ಹೇಳಿದಳು, ದೇವಸ್ಥಾನದ ಜಗುಲಿಯ ಮೇಲೆ ಹೇಳಿದಳು, ಸಂತೆಬಾಚಹಳ್ಳಿಗೆ ಕೊಟ್ಟಿದ್ದ ನಾದಿನಿ ಚಿಕ್ಕಬೋರಮ್ಮನಿಗೆ ಫೋನಿನಲ್ಲಿಯೂ ಹೇಳಿದಳು. “ನಾನೇನೋ ಬೆಲ್ಲ ಬುಟ್ಟಿದೀನಿ ಕನಮ್ಮಿ, ಅದೇನ್ ಮಹಾ. ನಮ್ ಅಕ್ಷಿತಾ ನೋಡು, ನಗಾನೇ ಬುಟ್ಟವ್ಳೆ!”

ಅಷ್ಟರಲ್ಲೇ ಇನ್ನೊಂದು ನಡೆಯಿತು. ನಾಲೆಗೆ ನೀರು ಬಿಟ್ಟ ಮೇಲೆ, ಕೆಲವು ದಿನ ಅಕ್ಷಿತಾ ಶಾಲೆಯಿಂದ ಬರುವಾಗ ಸೊಂಟದ ತನಕ ತೊಯ್ದು ಬರತೊಡಗಿದಳು. ಯೂನಿಫಾರಮ್ಮಿನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ಇದೇನೆ?” ಎಂದರೆ, “ನಾಲೇಲಿ ಮಿಂದ್ಕಂಡ್ ಬಂದೆ ಅಜ್ಜಿ, ತಾತನ್ ಪಟಕ್ಕೆ ದೀಪ ಅಚ್ಬೇಕಲ್ಲ” ಎನ್ನುವಳು. ಹೇಳಿದಂತೆಯೇ ಒದ್ದೆ ಬಟ್ಟೆಯಲ್ಲಿ ನಿಂತು ದೀಪ ಹಚ್ಚುವಳು. ಒದ್ದೆಯಲ್ಲಿ ದೇವರ ಮುಂದೆ ನಿಲ್ಲುವುದು ಮಡಿಗಳಲ್ಲೆಲ್ಲ ದೊಡ್ಡ ಮಡಿ ಎಂದು ನಂಬಿ ಬದುಕಿದ್ದ ದ್ಯಾವಮ್ಮ ಮತ್ತೇನನ್ನೂ ಕೇಳಲಿಲ್ಲ. ಹುಡುಗಿಯ ತಾಯಿ ಶ್ವೇತ ಗಾರ್ಮೆಂಟ್ಸಿಗೆ ಹೊತ್ತು ಮೂಡುವ ಮುಂಚೆ ಹೋಗಿ ದೀಪ ಹಚ್ಚಿದ ಮೇಲೆ ಬರುವವಳು. ಅವಳು ಇದನ್ನು ಕಂಡಿರಲೇ ಇಲ್ಲ.

ಹೀಗೆ ಶ್ರಾವಣ ಬಂತು. ಒಂದು ಶುಕ್ರವಾರ ಸಂಜೆ ದ್ಯಾವಮ್ಮ ಮಾರನೆಯ ದಿನ ಕರಿಘಟ್ಟದ ಬೆಟ್ಟಕ್ಕೆ ಹೋಗಲೆಂದು ಹೂವು ಕಟ್ಟುತ್ತಿದ್ದಳು. ಅಕ್ಷಿತಾಳ ಗೆಳತಿ ರಮ್ಯ, ಕೈಯಲ್ಲಿ ಒಂಟಿ ಶೂ ಹಿಡಿದುಕೊಂಡು, ಏದುಸಿರು ಬಿಡುತ್ತ ಹಟ್ಟಿಯೊಳಕ್ಕೆ ನುಗ್ಗಿದಳು.

“ಅಜ್ಜೀ! ಅಕ್ಷಿತಾ ನಾಲೆಗ್ ಜಾರ್ಬುಟ್ಲು!”

ಹೂವಿನ ಬುಟ್ಟಿ ಉರುಳಿತು.

“ಇಲ್ಲ ಇಲ್ಲ, ಬದುಕವ್ಳೆ! ಶಿವಣ್ಣ ಮಾವ ಅಲ್ಲೇ ಎಮ್ಮೆ ತೊಳೀತಿದ್ರು, ಜಡೆ ಇಡ್ದು ಎಳ್ಕಂಡ್ರು. ಏರಿ ಮ್ಯಾಲೆ ಕೂತವ್ಳೆ, ಮನೇಗ್ ಬರಾಕಿಲ್ಲ ಅಂತಾವ್ಳೆ. ಶೂ ಒಂದೇ ಸಿಕ್ಕದ್ದು.”

ದ್ಯಾವಮ್ಮನಿಗೆ ಉಸಿರು ಬಂದದ್ದೇ ತಡ, ಸಿಟ್ಟೂ ಬಂತು. “ಇಷ್ಟು ನೀರು ಓಯ್ತಾ ಇರೋವಾಗ ಇಳೀ ಅಂದೋರ್ಯಾರು? ಮಡೀ ಬೇಕು ಅಂದ್ರೆ ಮನೇಲಿ ನಲ್ಲಿ ಇಲ್ವಾ?”

ರಮ್ಯ ಶೂವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಆಮೇಲೆ, ಇನ್ನು ತಡೆಯಲಾರದೆ, ಒಮ್ಮೆಗೇ ಹೇಳಿಬಿಟ್ಟಳು. “ಮಡೀನೂ ಇಲ್ಲ ಗಿಡೀನೂ ಇಲ್ಲ ಅಜ್ಜಿ. ಸ್ಕೂಲಲ್ಲಿ ಅವ್ಳು ನಕ್ರೆ ಉಚ್ಚೆ ಓಗ್ಬುಡ್ತದೆ. ಅದು ಗೊತ್ತಾಗ್ದಂಗೆ ನಾಲೇಲಿ ನೆನ್ಕಂಡ್ ಬತ್ತಾಳೆ.”

ದ್ಯಾವಮ್ಮ ಅಲ್ಲಿಯೇ, ಉರುಳಿದ ಸೇವಂತಿಗೆಯ ನಡುವೆ ಕೂತಳು. ರಮ್ಯ ಮಿಕ್ಕದ್ದನ್ನೂ ಹೇಳಿದಳು. ಶಾಲೆ ಸೇರಿದ ಹೊಸದರಲ್ಲಿ ಯಾರೋ ಏನೋ ಅಂದರು, ಅಕ್ಷಿತಾ ನಕ್ಕಳು, ಬೆಂಚು ಒದ್ದೆಯಾಯಿತು. ಇಡೀ ತರಗತಿ ನೋಡಿತು. ಇನ್ನೊಂದು ಸಲವೂ ಹಾಗೇ ಆದ ಮೇಲೆ ರವೀಂದ್ರ ಮೇಷ್ಟ್ರು ಅವಳನ್ನು ಬೆಂಚಿನಿಂದ ಎಬ್ಬಿಸಿ, ತೊಳೆಯಲು ಸುಲಭವೆಂದು, ಹಿಂದುಗಡೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಅಕ್ಷಿತಾಳನ್ನು ಯಾರೂ ನಗಿಸಕೂಡದು ಎಂದು ತರಗತಿಯ ಮುಂದೆಯೇ ಅಪ್ಪಣೆ ಮಾಡಿದರು. ಅಪ್ಪಣೆಯಾದ ದಿನದಿಂದಲೇ ಹುಡುಗರಿಗೆ ಅದೊಂದು ಆಟವಾಯಿತು. ಯಾರು ಅಕ್ಷಿತಾಳನ್ನು ನಗಿಸಿ ಕುರ್ಚಿ ಒದ್ದೆ ಮಾಡಿಸುತ್ತಾರೋ ಅವರಿಗೆ ಉಳಿದವರು ಗೇಟಿನ ಅಂಗಡಿಯ ಸಮೋಸ ಕೊಡಿಸಬೇಕು.

“ಅವ್ಳು ನಗಬಾರ್ದು ಅಂತ ತುಟಿ ಕಚ್ಕಂಡ್ ಕೂತಿರ್ತಾಳೆ ಅಜ್ಜಿ. ತಡದಷ್ಟೂವೆ ಜಾಸ್ತಿ ಆಯ್ತದಂತೆ. ಇವತ್ತು ಸಂತೋಷ ಅನ್ನೋ ಉಡ್ಗ, ಮೇಷ್ಟ್ರು ಥರ ಕನ್ನಡಕ ಇಳ್ಸಿ ನೋಡ್ದ. ಆಗೋಯ್ತು.”

ದ್ಯಾವಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಾಲೆಯ ಏರಿಯ ಕಡೆಗೆ ಹೊರಟಳು.

ಅಕ್ಷಿತಾ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು. ಜಡೆ ಬಿಚ್ಚಿಹೋಗಿತ್ತು. ಶಿವಣ್ಣ ತನ್ನ ಟವೆಲನ್ನು ಅವಳ ಹೆಗಲಿಗೆ ಹೊದಿಸಿ, ಎಮ್ಮೆಗಳೊಂದಿಗೆ ಸ್ವಲ್ಪ ದೂರ ಹೋಗಿ ನಿಂತಿದ್ದ. ಅಜ್ಜಿಯ ನೆರಳು ಬಿದ್ದಾಗ ಹುಡುಗಿ ತಲೆ ಎತ್ತದೆಯೇ ಹೇಳಿದಳು. “ನಾನಿನ್ ಸ್ಕೂಲ್ಗೋಗಲ್ಲ. ಬಯ್ಯಂಗಿದ್ರೆ ಇಲ್ಲೇ ಬಯ್ದ್ಬುಡು.”

“ಬಯ್ಯಲ್ಲ ಕನವ್ವ. ನಂಗ್ಯಾಕ್ ಯೋಳ್ಲಿಲ್ಲ?”

“ಎಂಗ್ ಯೋಳ್ಲಿ? ನೀನು ಊರ್ಗೆಲ್ಲ ನನ್ ಭಕ್ತಿ ಭಕ್ತಿ ಅಂತ ಸಾರ್ಕಂಡ್ ಬಂದಿದ್ದೆ.”

ಆ ಮಾತು ದ್ಯಾವಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಅವಳು ಮೊಮ್ಮಗಳ ಪಕ್ಕದಲ್ಲಿ, ಒದ್ದೆ ಮಣ್ಣಿನ ಮೇಲೆ ಕೂತಳು.

“ಮುಂಚೆ ಇರ್ಲಿಲ್ವಲ್ಲ ಇದು?”

“ಇತ್ತು. ತಾತಂಗ್ ಗೊತ್ತಿತ್ತು.”

“ನಿಮ್ ತಾತಂಗಾ?”

“ಹೂಂ. ನಗ್ಸದು ಅವ್ರೇ ಅಲ್ವಾ. ನಂಗ್ ಆಗೋದ್ರೆ, ಯಾರೂ ನೋಡೋಕ್ ಮುಂಚೇನೆ ನನ್ನ ಗದ್ದೆ ಕಾಲ್ವೆಗ್ ತಳ್ಳಿ ಅವ್ರೂ ಬೀಳೋರು. ಇಬ್ರೂ ಪೂರ್ತಿ ನೆನದೋದ್ರೆ ಯಾವ್ದು ಯಾವ ನೀರು ಅಂತ ಯಾರಿಗ್ ಗೊತ್ತಾಯ್ತದೆ ಮಗ ಅನ್ನೋರು. ಆ ಉಪಾಯ ಅವ್ರೇ ಯೋಳ್ಕೊಟ್ಟಿದ್ದು.” ಅವಳು ಟವೆಲನ್ನು ಎಳೆದು ಹೊದ್ದುಕೊಂಡಳು. “ಈಗ ನಾನೊಬ್ಳೇ ಬೀಳ್ಬೇಕು.”

ದ್ಯಾವಮ್ಮನ ಕಣ್ಣ ಮುಂದೆ ಮುದುಕನ ತೊಯ್ದ ಪಂಚೆ ಬಂದು ನಿಂತಿತು. ಎಷ್ಟು ಸಲ ಅದನ್ನು ಹಿಂಡಿ ಹರವಿದ್ದಳು! ಎಷ್ಟು ಸಲ “ಮಗೀನ್ ಜೊತೆ ಮಗ ಆಯ್ತಾನೆ, ಗೋರಿಗ್ ಓಗೋ ವಯಸ್ನಲ್ಲಿ ಬುದ್ಧಿ ಬರ್ಲಿಲ್ಲ” ಎಂದು ಬೈದಿದ್ದಳು! ಅವನು ಹಲ್ಲು ಬಿಟ್ಟುಕೊಂಡು, “ಕೂಸು ಜಾರ್ಬುಡ್ತು ಕನೆ, ಎತ್ತಾಕ್ ಓಗಿ ನಾನೂ ಬಿದ್ದೆ” ಎನ್ನುತ್ತಿದ್ದ. ಒಂದು ದಿನವಾದರೂ ಹೆಂಡತಿಯ ಹತ್ತಿರ ಮೊಮ್ಮಗಳ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ತಾನು ಮಾತ್ರ ಮಗುವಿನ ಸಂಕಟಕ್ಕೆ ಭಕ್ತಿಯೆಂದು ಹೆಸರಿಟ್ಟು ಊರೆಲ್ಲ ಮೆರೆಸಿದ್ದಳು. ಪ್ರತಿ ಸಂಜೆ ಆ ಹುಡುಗಿ ಹಚ್ಚಿದ ದೀಪವನ್ನು ನೋಡಿ ಕೈಮುಗಿದಿದ್ದಳು.

ಸಂಕ್ರಾಂತಿಯಿಂದ ಅಳುತ್ತಲೇ ಇದ್ದ ದ್ಯಾವಮ್ಮನಿಗೆ ಆಗ ಅಳು ಬರಲಿಲ್ಲ. ಅದರ ಬದಲು ಎದೆಯೊಳಗೆ ಏನೋ ಗಟ್ಟಿಯಾಗಿ ನಿಂತಿತು.

“ಏಳು. ನಾಳೆ ಬೆಟ್ಟಕ್ ಓಗಿ ಸ್ವಾಮಿ ಅತ್ರ ಒಂದ್ ಮಾತು ಆಡೋದದೆ. ನೀನೂ ಬರ್ಬೇಕು.”

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಚಿಕ್ಕಬೋರಮ್ಮ ಬಂದಿಳಿದಳು. ಶ್ರಾವಣ ಶನಿವಾರ ಅತ್ತಿಗೆಯ ಜೊತೆ ಕರಿಘಟ್ಟಕ್ಕೆ ಹೋಗುವುದು ಅವಳ ವಾಡಿಕೆ. ದ್ಯಾವಮ್ಮ ಚೀಲದಲ್ಲಿ ತೆಂಗಿನಕಾಯಿ, ಹೂವು ಇಟ್ಟು, ಅದರ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟದ್ದನ್ನು ಕಂಡು ಹುಬ್ಬು ಗಂಟಿಕ್ಕಿದಳು.

“ಬೆಲ್ಲ ಯಾಕತ್ಗೆ? ಪಾನಕದ ಸೇವೆಯಾ?”

“ತಿನ್ನಕ್ಕೆ.”

“ತಿನ್ನಕ್ಕೆ? ವರ್ಸ ಎಲ್ ತುಂಬ್ತು?”

ದ್ಯಾವಮ್ಮ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ದನಿ ತಗ್ಗಿಸಿಯೂ ಹೇಳಲಿಲ್ಲ. ಕಿಟಕಿಯ ಪಕ್ಕ ಅಕ್ಷಿತಾ ಹೊರಗೆ ನೋಡುತ್ತ ಕೂತಿದ್ದಳು. ಚಿಕ್ಕಬೋರಮ್ಮ ಕೆನ್ನೆ ಬಡಿದುಕೊಂಡಳು. “ಅಲ್ಲಾ ಅತ್ಗೆ, ಮೈನೆರೆಯೋ ವಯಸ್ಸಿನ ಎಣ್ಣು! ಉಚ್ಚೆ ಉಯ್ಕಳೋಳ್ನ ಸ್ವಾಮಿ ಸನ್ನಿಧಿಗ್ ಕರ್ಕಂಡ್ ಬತ್ತಿದ್ದೀಯಲ್ಲ, ಮಡಿ ಮೈಲಿಗೆ ಬ್ಯಾಡ್ವಾ? ಮೇಲಾಗಿ ದೀಪ ಮುಟ್ಟಿ ಬುಟ್ಟಿದ್ನ ನಡುಮದ್ಯ ಇಡುದ್ರೆ ನಮ್ಮಣ್ಣನ್ ಆತ್ಮಕ್ಕೆ ನೆಮ್ದಿ ಇರ್ತದಾ?”

“ನಿಮ್ಮಣ್ಣನ್ ಆತ್ಮ ಕಾಲ್ವೇಲಿ ಒದ್ದಾಡ್ತಾ ಅದೆ ಚಿಕ್ಕಬೋರಿ. ಆ ಕೂಸ್ನ ನಗ್ಸೋರ್ ಇಲ್ಲ ಅಂತ. ಬಾಯ್ಮುಚ್ಕಂಡ್ ಬಾ.”

ನಲವತ್ತು ವರ್ಷದಲ್ಲಿ ಅತ್ತಿಗೆ ತನ್ನೊಡನೆ ಹೀಗೆ ಮಾತನಾಡಿದ್ದು ಅದೇ ಮೊದಲು. ಚಿಕ್ಕಬೋರಮ್ಮ ಬಾಯಿ ಮುಚ್ಚಿದಳು. ಆದರೆ ಬೆಟ್ಟ ಹತ್ತುವಾಗ ಉದ್ದಕ್ಕೂ ಮೂಗಿನಲ್ಲಿ ಉಸಿರು ಬಿಟ್ಟು ತನ್ನ ಅಸಮಾಧಾನವನ್ನು ತಿಳಿಸುತ್ತಲೇ ಇದ್ದಳು.

ಗುಡಿಯೊಳಗೆ ಮಂಗಳಾರತಿಯಾಗುವಾಗ ದ್ಯಾವಮ್ಮ ಕಣ್ಣು ಮುಚ್ಚಲಿಲ್ಲ. ಕಪ್ಪು ಕಲ್ಲಿನ ಸ್ವಾಮಿಯ ಮುಖವನ್ನೇ ನೇರವಾಗಿ ನೋಡಿದಳು. ಬಾಯಿ ಬಿಟ್ಟು ಹೇಳದಿದ್ದರೂ ಒಳಗೆ ಹೇಳಿದ್ದು ಇಷ್ಟು: ‘ಸ್ವಾಮಿ, ಬೆಲ್ಲ ಬಿಟ್ಟಿದ್ದು ನಾನು, ಹಿಡಿಯುವವಳೂ ನಾನು. ನಗು ಬಿಟ್ಟದ್ದು ಮಗು. ಅದನ್ನು ನೀನು ಇಟ್ಟುಕೊಳ್ಳಬಾರದು, ಹಿಂದಕ್ಕೆ ಕೊಡು. ನನ್ನಿಂದ ಗಂಡನನ್ನು ತೆಗೆದುಕೊಂಡೆ, ನಾನು ನಿನ್ನ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಈಗ ನಾನು ಒಂದು ಕೇಳುತ್ತಿದ್ದೇನೆ. ತಪ್ಪೆನಿಸಿದರೆ ಶಿಕ್ಷೆ ನನಗಿರಲಿ.’ ಆಮೇಲೆ ಕೈಮುಗಿದಳು. ಎಂದಿನ ಭಕ್ತಿಯಿಂದಲೇ ಮುಗಿದಳು.

ಹೊರಗೆ ಬಂದು, ಗುಡಿಯಿಂದ ದೂರದ ಕಟ್ಟೆಯ ಮೇಲೆ ಮೂವರೂ ಕೂತರು. ದ್ಯಾವಮ್ಮ ಬೆಲ್ಲದ ಅಚ್ಚನ್ನು ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿದಳು. ದೊಡ್ಡ ಹೋಳನ್ನು ಅಂಗೈಯಲ್ಲಿಟ್ಟು, “ನೋಡು ಅಕ್ಷಿತಾ, ನಾನು ಬುಟ್ಟಿದ್ನ ಇಡೀತಿದ್ದೀನಿ. ನೀನೂವೆ…” ಎಂದು ಇನ್ನೂ ಹೇಳುತ್ತಿದ್ದಳು. ಕಟ್ಟೆಯ ಹಿಂದಿನಿಂದ ಒಂದು ಗಡವ ಕೋತಿ ಕೈ ಚಾಚಿ, ಹೋಳನ್ನು ಕಿತ್ತುಕೊಂಡು, ಚಿಕ್ಕಬೋರಮ್ಮನ ತಲೆಯ ಮೇಲೆ ಕಾಲಿಟ್ಟು, ಹಾರಿ ಮಂಟಪದ ಮೇಲೆ ಕೂತಿತು.

“ಲೇ! ಕೊಡ್ಲಾ ಇಲ್ಲಿ! ಯೋಳೋದ್ನಾದ್ರೂ ಮುಗ್ಸಾಕ್ ಬುಡ್ಬಾರ್ದೇನ್ಲಾ!” ಎಂದು ದ್ಯಾವಮ್ಮ ಕೊಡೆ ಎತ್ತಿಕೊಂಡು ಮಂಟಪದ ಸುತ್ತ ಕುಂಟುತ್ತ ಓಡಿದಳು. ಕೋತಿ ಬೆಲ್ಲವನ್ನು ದವಡೆಗೆ ತುಂಬಿಕೊಂಡು, ಅವಳು ಓಡಿದ ಕಡೆಗೆಲ್ಲ ನಿಧಾನವಾಗಿ ತಲೆ ತಿರುಗಿಸುತ್ತಿತ್ತು. ಚಿಕ್ಕಬೋರಮ್ಮ ಕೆದರಿದ ತುರುಬಿನಲ್ಲಿ ಎರಡೂ ಕೈ ಇಟ್ಟುಕೊಂಡು, “ನನ್ ತಲೆ ಮ್ಯಾಲೆ ಕಾಲಿಟ್ಬುಡ್ತು! ಶನಿವಾರದ ದಿನ! ಇದು ಶುಭವೋ ಅಶುಭವೋ ಅತ್ಗೆ?” ಎಂದು ಗೋಗರೆಯುತ್ತಿದ್ದಳು.

ಅಕ್ಷಿತಾ ತುಟಿ ಕಚ್ಚಿದಳು. ಕೆನ್ನೆ ಉಬ್ಬಿಸಿದಳು. ಎದ್ದು ನಿಂತು ತೊಡೆ ಬಿಗಿಹಿಡಿದಳು. ಅಷ್ಟು ದಿನ ಅದುಮಿಟ್ಟಿದ್ದ ನಗು ಒಮ್ಮೆಗೇ ಹೊರಕ್ಕೆ ಬಂತು. ಕಟ್ಟೆಯನ್ನು ಹಿಡಿದುಕೊಂಡು, ಬಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗು ನಡುವೆಯೇ ನಿಂತಿತು. ಮುಖ ಬಿಳಿಚಿಕೊಂಡಿತು. ಅವಳ ಕಾಲ ಬಳಿ ಕಲ್ಲು ಒದ್ದೆಯಾಗಿತ್ತು.

“ಆಯ್ತಲ್ಲ!” ಎಂದಳು ಚಿಕ್ಕಬೋರಮ್ಮ. “ನಾ ಯೋಳ್ಲಿಲ್ವಾ!”

ದ್ಯಾವಮ್ಮ ಕೊಡೆ ಬಿಸುಟು ಬಂದಳು. ಕುಡಿಯಲೆಂದು ತಂದಿದ್ದ ನೀರಿನ ಬಿಂದಿಗೆಯನ್ನು ಎತ್ತಿದಳು. ಮೊದಲು ತನ್ನ ತಲೆಯ ಮೇಲೆ ಅರ್ಧ ಸುರಿದುಕೊಂಡಳು. ಮಿಕ್ಕದ್ದನ್ನು ಮೊಮ್ಮಗಳ ಸೊಂಟದಿಂದ ಕೆಳಕ್ಕೆ ಸುರಿದು, ಕಲ್ಲನ್ನೂ ತೊಳೆದಳು. ಬಿಳಿಗೂದಲಿನಿಂದ ನೀರು ಸೋರುತ್ತ, ಸೀರೆ ಮೈಗೆ ಅಂಟಿಕೊಂಡು ನಿಂತ ಅಜ್ಜಿಯನ್ನು ಅಕ್ಷಿತಾ ಬೆರಗಾಗಿ ನೋಡಿದಳು.

“ಯಾವ್ದು ಯಾವ ನೀರು ಅಂತ ಈಗ ಯೋಳು ನೋಡವಾ, ಚಿಕ್ಕಬೋರಿ,” ಎಂದಳು ದ್ಯಾವಮ್ಮ.

ಚಿಕ್ಕಬೋರಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತಿಗೆ ಹಾಗೆ ತೊಯ್ದು ನಿಂತದ್ದನ್ನು ನೋಡುತ್ತ, ಅವಳಿಗೆ ಯಾರ ನೆನಪು ಬಂತೋ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಮ್ಮಣ್ಣನೇ ನಿಂತಂಗದೆ,” ಎಂದಳು. ಅಷ್ಟೇ. ಆಮೇಲೆ ತಾನೇ, ಕೋತಿ ಬಿಟ್ಟುಹೋಗಿದ್ದ ಚಿಕ್ಕ ಹೋಳನ್ನು ಕಟ್ಟೆಯ ಮೇಲಿನಿಂದ ಎತ್ತಿ ಅತ್ತಿಗೆಯ ಕೈಗೆ ಕೊಟ್ಟಳು. ದ್ಯಾವಮ್ಮ ಅದನ್ನು ಬಾಯಿಗೆ ಹಾಕಿಕೊಂಡು, ಬೆಟ್ಟ ಇಳಿಯುವ ತನಕ ಚಪ್ಪರಿಸಿದಳು.

ಇಳಿದವರು ಪಟ್ಟಣದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಅಕ್ಷಿತಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಳು, ಮೂತ್ರ ಪರೀಕ್ಷೆ ಮಾಡಿಸಿದಳು, ಆಮೇಲೆ ಅಜ್ಜಿಯನ್ನು ಕರೆದಳು. ಪರೀಕ್ಷೆಯಲ್ಲಿ ಸೋಂಕು ಏನೂ ಇಲ್ಲ ಎಂದಳು. ಕೆಲವು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಜೋರಾಗಿ ನಕ್ಕಾಗ ಹೀಗಾಗುತ್ತದೆ. ಅದು ಅವರ ಕೈಯಲ್ಲಿಲ್ಲ. ಬೆಳೆಯುತ್ತ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ ಎಂದಳು. ನೀರು ಕುಡಿಯುವುದನ್ನು ನಿಲ್ಲಿಸಬಾರದು, ಬರಲಿ ಬಿಡಲಿ ಹೊತ್ತು ಹೊತ್ತಿಗೆ ಹೋಗಿ ಬರಬೇಕು, ಸ್ನಾಯು ಬಿಗಿಹಿಡಿದು ಬಿಡುವ ಒಂದು ಅಭ್ಯಾಸ ಮಾಡಬೇಕು, ತಿಂಗಳು ಬಿಟ್ಟು ಮತ್ತೆ ಬಂದು ತೋರಿಸಬೇಕು.

“ಇದಕ್ಕೆ ನಗೋದ್ನ ಬಿಡ್ಬೇಕಾ ಡಾಕ್ಟ್ರಮ್ಮ?” ಎಂದು ಅಕ್ಷಿತಾ ಕೇಳಿದಳು.

“ನಾನು ಎಷ್ಟೋ ಜನಕ್ಕೆ ಸಕ್ಕರೆ ಬಿಡಿಸಿದ್ದೀನಿ, ಉಪ್ಪು ಬಿಡಿಸಿದ್ದೀನಿ. ನಗು ಬಿಡಿಸಲ್ಲಮ್ಮ,” ಎಂದಳು ಆಕೆ. “ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇಟ್ಕೋ.”

ಸೋಮವಾರ ಶಾಲೆಯ ಗೇಟಿನ ಒಳಕ್ಕೆ ದ್ಯಾವಮ್ಮ ಮೊಮ್ಮಗಳ ಕೈಹಿಡಿದು ಬಂದಾಗ, ಅಕ್ಷಿತಾ ಹೆಜ್ಜೆ ಹಿಂದಿಟ್ಟಳು. “ಅಜ್ಜಿ, ಕುರ್ಚಿ ಮ್ಯಾಲೆ ಕೂರ್ಸುದ್ರೆ ನಾನ್ ವಾಪಸ್ ಬತ್ತೀನಿ. ಮತ್ತೆ ಓಗಲ್ಲ.”

“ಕೂರ್ಸಲ್ಲ ಬಾ.”

ರವೀಂದ್ರ ಮೇಷ್ಟ್ರು ವರಾಂಡದಲ್ಲಿ ಎದುರಾದರು. ಕೆಟ್ಟ ಮನುಷ್ಯರೇನಲ್ಲ, ತಾವು ಮಾಡಿದ್ದು ಒಳ್ಳೆಯದೆಂದೇ ನಂಬಿದ್ದವರು. ದ್ಯಾವಮ್ಮ ನಾಲೆಯ ವಿಷಯ ಹೇಳಿದಾಗ ಅವರ ಮುಖ ಇಳಿಯಿತು.

“ಅಯ್ಯೋ ಅಜ್ಜಿ, ನಂಗೆ ಗೊತ್ತಿರಲಿಲ್ಲ. ಆದ್ರೂ ನೋಡಿ, ಬೆಂಚಿನ ಮೇಲೆ ಆದ್ರೆ ಪಕ್ಕದ ಮಕ್ಕಳ ಮನೆಯವರು ಬಂದು ಕೇಳ್ತಾರೆ. ಅದಕ್ಕೇ ಕುರ್ಚಿ. ಹುಡುಗಿಗೆ ಒಳ್ಳೇದಕ್ಕೇ ಮಾಡಿದ್ದು. ಒಂದು ವರ್ಷ ಮನೇಲಿಟ್ಟುಕೊಂಡು, ಸರಿಹೋದ ಮೇಲೆ ಕಳಿಸಿದ್ರೂ ಆಗುತ್ತೆ.”

“ಸಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ನಂಗೂ ಕೆಮ್ಮುದ್ರೆ ಒಸಿ ಆಯ್ತದೆ. ಸೀನುದ್ರೂ ಆಯ್ತದೆ. ನಿಮ್ಮವ್ವಂಗೂ ಆಯ್ತಿರ್ಬೋದು, ಮನೇಗೋಗಿ ಕೇಳಿ. ನಿಮ್ಮವ್ವನ್ನೂ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಮೂಲೇಲ್ ಕೂರಿಸ್ತೀರಾ?”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ದ್ಯಾವಮ್ಮ ಕಾಯಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ತರಗತಿಯೊಳಕ್ಕೆ ನಡೆದಳು. ಗದ್ದಲ ಅಡಗಿತು. ಹಿಂದಿನ ಗೋಡೆಯ ಬಳಿ ಕೆಂಪು ಕುರ್ಚಿ ಒಂಟಿಯಾಗಿ ನಿಂತಿತ್ತು. ಅವಳು ಅದನ್ನು ಎತ್ತಿ ತಲೆಯ ಮೇಲೆ ಹೊತ್ತಳು. ಹುಲ್ಲಿನ ಹೊರೆ ಹೊತ್ತವಳಂತೆ ಬೆಂಚುಗಳ ನಡುವೆ ನಡೆದು ಹೊರಗೆ ಬಂದಳು. ಅದನ್ನು ವರಾಂಡದಲ್ಲಿ, ಕುಡಿಯುವ ನೀರಿನ ಬಿಂದಿಗೆಯ ಪಕ್ಕ, ಕಿಟಕಿಗೆ ಎದುರಾಗಿ ಹಾಕಿ, ತಾನೇ ಕೂತಳು.

“ಇದು ನಂಗಿರ್ಲಿ ಸಾ. ವಯಸ್ಸಾದೋಳು. ಅವ್ಳು ಬೆಂಚ್ ಮ್ಯಾಲೆ ಕೂರ್ಲಿ. ಒಂದಕ್ಕೆ ಬಂದ್ರೆ ಕೇಳ್ದೇನೆ ಎದ್ದೋಗ್ಲಿ. ಇವತ್ತು ಸಾಯಂಕಾಲದ ತನ್ಕ ನಾನಿಲ್ಲೇ ಇರ್ತೀನಿ. ಪಾಠ ಮಾಡಿ.”

ಮೇಷ್ಟ್ರು ಒಳಗೆ ಹೋದರು. “ಅಕ್ಷಿತಾ, ರಮ್ಯನ ಪಕ್ಕ ಕೂತ್ಕೊ,” ಎಂದರು. ಆಮೇಲೆ, ಗಂಟಲು ಸರಿಮಾಡಿಕೊಂಡು, ಇನ್ನೊಂದು ಮಾತನ್ನೂ ಸೇರಿಸಿದರು. “ನಗಿಸಬಾರದು ಅಂತ ನಾನು ಹೇಳಿದ್ದೆನಲ್ಲ, ಅದು ತಪ್ಪು.”

ಸಣ್ಣ ಬಿಡುವಿನಲ್ಲಿ ಮೇಷ್ಟ್ರು ಹೊರಗೆ ಹೋದ ಕೂಡಲೇ ದ್ಯಾವಮ್ಮ ಹೆದರಿದ್ದು ನಡೆಯಿತು. ರಮ್ಯ ಹೇಳಿದ್ದ ಆ ಸಂತೋಷ ಬೆಂಚಿನ ಮೇಲೆ ಹತ್ತಿದ. ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, ಮೇಷ್ಟ್ರ ದನಿಯಲ್ಲಿ, “ನಗಿಸಬಾರದು ಅಂತ ಹೇಳಿದ್ದೆನಲ್ಲ, ಅದು… ಅದು… ತಪ್ಪು!” ಎಂದು ಮೇಕೆಯಂತೆ ಅರಚಿದ. ಹುಡುಗರೆಲ್ಲ ಅಕ್ಷಿತಾಳ ಕಡೆಗೆ ತಿರುಗಿದರು. ಕಿಟಕಿಯಾಚೆ ದ್ಯಾವಮ್ಮ ಕುರ್ಚಿಯ ಕೈಗಳನ್ನು ಹಿಡಿದಳು. ಒಳಗೆ ನುಗ್ಗಿ ಅವನ ಕಿವಿ ಹಿಂಡಬೇಕೆನ್ನಿಸಿತು. ಹೋಗಲಿಲ್ಲ. ಇದು ಅಕ್ಷಿತಾಳದು, ಅವಳೇ ಹಿಡಿಯಬೇಕಾದ್ದು ಎಂದುಕೊಂಡು ಕೂತೇ ಇದ್ದಳು.

ಅಕ್ಷಿತಾ ತುಟಿ ಕಚ್ಚಲಿಲ್ಲ. ಒಮ್ಮೆ ಅಜ್ಜಿಯ ಕಡೆ ನೋಡಿದಳು. ಆಮೇಲೆ ಬಾಯ್ತುಂಬ ನಕ್ಕುಬಿಟ್ಟಳು. ಹಿಂದೆ ಡೈರಿಯ ತನಕ ಕೇಳುತ್ತಿದ್ದ ನಗು ಅದು; ಪಕ್ಕದ ತರಗತಿಯವರು ಬಾಗಿಲಿಗೆ ಬಂದು ಇಣುಕಿದರು. ಮೊದಲ ಪಾಠ ಮುಗಿದಾಗಲೇ ಒಂದಕ್ಕೆ ಹೋಗಿ ಬಂದಿದ್ದರೂ ಸ್ವಲ್ಪ ಆಯಿತು. ನಗು ಮುಗಿಯುವ ತನಕ ಅವಳು ನಿಲ್ಲಿಸಲಿಲ್ಲ. ಮುಗಿದ ಮೇಲೆ ಎದ್ದು ನಿಂತಳು.

“ಹೂಂ, ಆಯ್ತು ಕಣ್ಲಾ, ಒಸಿ ಆಯ್ತು,” ಎಂದಳು ಎಲ್ಲರಿಗೂ ಕೇಳುವಂತೆ. “ನಕ್ರೆ ನಂಗ್ ಆಯ್ತದೆ. ಡಾಕ್ಟ್ರಮ್ಮ ನಗು ಅಂದವ್ರೆ. ನಗ್ತೀನಿ, ಬಟ್ಟೆ ಬದಲಾಯಿಸ್ಕತೀನಿ, ಮತ್ತೆ ನಗ್ತೀನಿ. ಏನ್ ಮಾಡ್ತೀರಾ?”

ಯಾರೂ ಏನೂ ಮಾಡಲಿಲ್ಲ. ಬೆಂಚಿನ ಮೇಲೆ ನಿಂತಿದ್ದ ಸಂತೋಷನಿಗೆ ಇಳಿಯಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

“ಸಮೋಸ ಎಲ್ಲಿ?” ಎಂದಳು ಅಕ್ಷಿತಾ.

“ಯಾವ ಸಮೋಸ?”

“ನೆನ್ಸಿದ್ದು ನಾನು, ತೊಳ್ಯೋದು ನಾನು, ತಿನ್ನೋದು ನೀನಾ? ಶುಕ್ರವಾರದ್ದು, ಇವತ್ತಿಂದು, ಎರಡೂ ನಂದೇ. ತತ್ತಾ.”

ಮೊದಲು ರಮ್ಯ ನಕ್ಕಳು. ಆಮೇಲೆ ಹಿಂದಿನ ಬೆಂಚಿನವರು ನಕ್ಕರು. ಈ ಸಲ ಅವರು ನಕ್ಕದ್ದು ಸಂತೋಷನನ್ನು ನೋಡಿ. ಅವನು ಕೆಂಪಗಾಗಿ, ಇಳಿದು, ಗೇಟಿನ ಕಡೆಗೆ ಓಡಿದ. ಅಕ್ಷಿತಾ ಚೀಲದಿಂದ ಬಟ್ಟೆ ತೆಗೆದುಕೊಂಡು, ಬಚ್ಚಿಡದೆ, ತೋಳಿನ ಮೇಲೆ ಹಾಕಿಕೊಂಡು, ಅಜ್ಜಿಯ ಮುಂದೆಯೇ ತಲೆ ಎತ್ತಿ ಶೌಚಾಲಯದ ಕಡೆಗೆ ನಡೆದಳು.

ಹಿಂದಿರುಗಿ ಬರುವಾಗ ಅವಳ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ಸಮೋಸ ಇದ್ದವು. ಒಂದನ್ನು ಅಜ್ಜಿಯ ಮಡಿಲಿಗೆ ಇಟ್ಟಳು. ತಾನು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುವಂತೆ ಮಾಡಿ, ಇಲ್ಲದ ಕೊಡೆಯೊಂದನ್ನು ಎತ್ತಿ ಹಿಡಿದು ಒಂದು ಕಂಬದ ಸುತ್ತ ಕುಂಟುತ್ತ ಓಡಿದಳು. “ಲೇ! ಕೊಡ್ಲಾ ಇಲ್ಲಿ! ಯೋಳೋದ್ನಾದ್ರೂ ಮುಗ್ಸಾಕ್ ಬುಡ್ಬಾರ್ದೇನ್ಲಾ!”

ಅದೇ ನಡಿಗೆ, ಅದೇ ದನಿ. ಥೇಟು ಚಲುವಯ್ಯನ ಮೊಮ್ಮಗಳು.

ದ್ಯಾವಮ್ಮ ತಡೆಯಲು ನೋಡಿದಳು. ಆಗಲಿಲ್ಲ. ಸಂಕ್ರಾಂತಿಯಾದ ಮೇಲೆ ಮೊದಲ ಸಲ ನಕ್ಕಳು. ಸಮೋಸವನ್ನು ಎದೆಗೆ ಒತ್ತಿಕೊಂಡು, ಕೆಮ್ಮು ಬರುವ ಹಾಗೆ, ಕಣ್ಣೀರು ಇಳಿಯುವ ಹಾಗೆ ನಕ್ಕಳು. ನಗು ತೀರಿದ ಮೇಲೆ ಎದ್ದು, ಅತ್ತಿತ್ತ ನೋಡದೆ, ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿದಳು.

“ಒಸಿ ಆಯ್ತು,” ಎಂದಳು ಮೊಮ್ಮಗಳಿಗೆ. “ಬಿಂದಿಗೆ ತತ್ತಾ.”